ವೀಲ್ಸ್ ಗೋ, ಹಾರ್ನ್ ಗೋಸ್

ಮಳೆ ಬಿಡದ ಒಂದು ಸಂಜೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದೆ. ಅಣ್ಣನ ಮಗಳು ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ಪಕ್ಕದಲ್ಲೇ ಕೂತು ಬಸ್ಸಿನ ಹಾಡು ಹಾಡುತ್ತಿದ್ದಳು. 'ದ ವೀಲ್ಸ್ ಆನ್ ದ ಬಸ್ ಗೋ' ಅನ್ನುವಲ್ಲಿ ತಟ್ಟನೆ ನಿಲ್ಲಿಸಿದಳು.

"ಅತ್ತೆ, ಬಸ್ಸು ಒಂದೇ ಅಲ್ವಾ? ಹಾರ್ನಿಗೆ ಗೋಸ್ ಅಂತ ಉಂಟು. ಇಲ್ಲಿ ಯಾಕೆ ಬರೀ ಗೋ?"

"ತಿರುಗುವುದು ಬಸ್ಸಾ, ಚಕ್ರವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಓ, ಚಕ್ರಗಳು!"

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ವೈಪರ್ಸ್ ಗೋ, ಹಾರ್ನ್ ಗೋಸ್. ಅಂಗಳ ನೋಡಿ, ಡಾಗ್ ಗೋಸ್, ಹೆನ್ಸ್ ಗೋ. ಕರ್ತೃಪದ, ಏಕವಚನ ಅಂತ ನಾನು ಒಂದು ಮಾತೂ ಹೇಳಿರಲಿಲ್ಲ.

ನಾನು ಇದನ್ನು ಕಲಿತದ್ದು ಬೆತ್ತದ ಎದುರು. ಗೋ ವೆಂಟ್ ಗಾನ್, ಫಾಲ್ ಫೆಲ್ ಫಾಲನ್. ಪಟ್ಟಿ ಪೂರ್ತಿ ಬಾಯಿಪಾಠ ಇತ್ತು. ಆದರೆ ನಿನ್ನೆ ಎಲ್ಲಿಗೆ ಹೋಗಿದ್ದೆ ಅಂತ ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಕಟ್ಟುತ್ತಿತ್ತು. ಜಾಕ್ ಮತ್ತು ಜಿಲ್ ಗುಡ್ಡ ಹತ್ತುವ ಪದ್ಯ ನೋಡಿ. ನಾಲ್ಕೇ ಸಾಲಿನಲ್ಲಿ ವೆಂಟ್, ಫೆಲ್, ಬ್ರೋಕ್, ಕೇಮ್, ನಾಲ್ಕೂ ಬಂದುಬಿಡುತ್ತವೆ. ಅದೂ ಒಂದು ಕಥೆಯೊಳಗೆ. ಕನ್ನಡದಲ್ಲೂ ಮಾಡಿದ, ಓಡಿದ ಅಂತ ನೇರ ಹೋಗುವ ಕ್ರಿಯಾಪದಗಳ ನಡುವೆ ಬೀಳು-ಬಿದ್ದ, ತರು-ತಂದ, ಸಾಯು-ಸತ್ತ ಇಲ್ವಾ? ಅದನ್ನು ನಮಗೆ ಯಾರೂ ಪಟ್ಟಿ ಮಾಡಿ ಕೊಟ್ಟಿಲ್ಲ. ಕಿವಿಗೆ ಬಿದ್ದು ಬಿದ್ದು ಬಂತು.

ಟ್ವಿಂಕಲ್ ಪದ್ಯದಲ್ಲಿ 'ಹೌ ಐ ವಂಡರ್ ವಾಟ್ ಯು ಆರ್' ಅಂತ ಉಂಟು. 'ವಾಟ್ ಆರ್ ಯು' ಅಂತಲ್ಲ. ಒಂದು ವಾಕ್ಯದ ಒಳಗೆ ಪ್ರಶ್ನೆ ಸೇರಿದಾಗ ಪದಗಳ ಸಾಲು ಬದಲಾಗುತ್ತದೆ. ದೊಡ್ಡ ದೊಡ್ಡ ಓದು ಓದಿದವರೂ 'ಐ ಡೋಂಟ್ ನೋ ವಾಟ್ ಈಸ್ ಹಿಸ್ ನೇಮ್' ಅನ್ನುವುದನ್ನು ಕೇಳಿದ್ದೇನೆ. 'ವಾಟ್ ಹಿಸ್ ನೇಮ್ ಈಸ್' ಅಂತ ಆಗಬೇಕು. ಅಂಗನವಾಡಿ ಮಗು ಹಾಡುವ ಪದ್ಯದಲ್ಲಿ ಅದು ಸರಿಯಾಗಿಯೇ ಕೂತಿದೆ.

ಹಾಗಂತ ಫೋನಿನಲ್ಲಿ ಹಾಡು ಹಾಕಿ ಮಗುವಿನ ಕೈಗೆ ಕೊಟ್ಟರೆ ಆಗುವುದಿಲ್ಲ. ಇಡೀ ದಿನ ಹಾಡಿಯೂ ಸ್ವಂತ ಒಂದು ವಾಕ್ಯ ಆಡದ ಮಕ್ಕಳು ನಮ್ಮ ಕುಟುಂಬದಲ್ಲೇ ಇದ್ದಾರೆ. ಹಾಡು ನಿಲ್ಲಿಸಬೇಕು, ಒಂದು ಪದ ತೆಗೆದು ಬೇರೆ ಪದ ಹಾಕಿಸಬೇಕು. ಸಿನಿಮಾ ಹಾಡು, ಪಾಪ್ ಹಾಡು ಸ್ವಲ್ಪ ದೊಡ್ಡವರಾದ ಮೇಲೆ ಸಾಕು. ಅಲ್ಲಿ ತಾಳಕ್ಕೋಸ್ಕರ 'ಡಸಂಟ್' ಇರಬೇಕಾದಲ್ಲಿ 'ಡೋಂಟ್' ಬರುತ್ತದೆ, 'ಗೋಯಿಂಗ್ ಟು' ಹೋಗಿ 'ಗೊನ್ನಾ' ಆಗುತ್ತದೆ. ಸರಿ ಯಾವುದು ಅಂತ ಗೊತ್ತಿದ್ದವರಿಗೆ ಅದು ಚಂದ.

ಇಂಗ್ಲಿಷಿಗಾಗಿ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವವರು ನಮ್ಮಲ್ಲಿ ಜಾಸ್ತಿ ಆಗಿದ್ದಾರೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೂ ಉಳಿಸಿಕೊಂಡು ಬಂದ ಶಾಲೆಗಳು ಇವು. ನನಗೆ ಸಂಕಟ ಆಗುತ್ತದೆ. ಆ ಸಂಜೆ ಅವಳು 'ಯಾಕೆ' ಅಂತ ಕೇಳಿದ್ದು ಕನ್ನಡದಲ್ಲಿ. ಆ ಪ್ರಶ್ನೆ ಕೇಳುವಷ್ಟು ಇಂಗ್ಲಿಷ್ ಅವಳಿಗೆ ಇನ್ನೂ ಬರುವುದಿಲ್ಲ. ಕೇಳಲು ಭಾಷೆಯೇ ಇಲ್ಲದಿದ್ದರೆ ಸುಮ್ನೆ ಹಾಡಿ ಮುಗಿಸುತ್ತಿದ್ದಳು.

ರಾತ್ರಿ ಊಟ ಆದ ಮೇಲೆ ನೋಟ್‌ಬುಕ್ಕಿನಲ್ಲಿ ಕನ್ನಡ, ಇಂಗ್ಲಿಷ್, ಮಲಯಾಳ ಅಂತ ಮೂರು ಕಾಲಂ ಮಾಡಿ ಕೂತಳು. ಕನ್ನಡದ ಕೆಳಗೆ ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ ಅಂತ ಬರೆಯುತ್ತಾ ಪುಟದ ಬುಡ ಮುಟ್ಟಿತು. ಇಂಗ್ಲಿಷಿನ ಕೆಳಗೆ ಗೋ, ಗೋಸ್, ಎರಡೇ. ಮಲಯಾಳದ ಕೆಳಗೆ ಏನು ಬರೆಯುವುದು ಅಂತ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. ನಾನು ಹೋದರೂ, ಅವಳು ಹೋದರೂ, ಎಲ್ಲರೂ ಹೋದರೂ ಅಲ್ಲಿ 'ಪೋಕುನ್ನು' ಒಂದೇ.

"ಅತ್ತೆ, ಮೂರರಲ್ಲಿ ಕಷ್ಟದ್ದು ನಮ್ಮದೇ. ಅದು ನನಗೆ ಆಗಲೇ ಬರ್ತದೆ!" ಅಂದಳು.