ಸೋಫಾಗೆ ಮ್ಯಾಚ್ ಆಗೋ ಮನುಷ್ಯ ಬೇಕಾಗಿದ್ದಾನೆ

2025ರ ಮಾರ್ಚಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಲ್ಲಿ ಚಿತ್ರಕಾರ ಎಂ.ಎಫ್. ಹುಸೇನರ 'ಗ್ರಾಮ ಯಾತ್ರಾ' ಪೇಂಟಿಂಗು 118 ಕೋಟಿಗೆ ಹೋಯ್ತಲ್ಲ, ಅವತ್ತಿಂದ ನಮ್ಮ ಜನಕ್ಕೆ ಕಲಾಪ್ರೇಮ ಉಕ್ಕಿ ಹರೀತಾ ಇದೆ. ಸೈಟಾಯ್ತು, ಚಿನ್ನ ಆಯ್ತು, ಮ್ಯೂಚುವಲ್ ಫಂಡ್ ಆಯ್ತು, ಈಗ ಪೇಂಟಿಂಗ್. ಆ ಚಿತ್ರದಲ್ಲಿ ಹೆಂಗಸರಿದ್ದಾರೆ, ಮಕ್ಕಳಿದ್ದಾರೆ, ಗಾಡಿ ಇದೆ, ರೈತ ಇದ್ದಾನೆ, ಇಡೀ ಒಂದು ಹಳ್ಳಿನೇ ಇದೆ, ಎಷ್ಟೋ ವರ್ಷ ಓಸ್ಲೋದ ಆಸ್ಪತ್ರೆಯೊಂದರಲ್ಲಿ ತಣ್ಣಗೆ ಇತ್ತು, ಇದ್ಯಾವುದೂ ಯಾರಿಗೂ ಬೇಡ. ಸುಮಾರು 14 ಅಡಿ ಉದ್ದ ಅಂತ ಗೊತ್ತಾದ ತಕ್ಷಣ ಬೆಂಗಳೂರಿನವರು ಕೇಳೋ ಪ್ರಶ್ನೆ ಒಂದೇ: "ಅಡಿಗೆ ಎಷ್ಟು ಬಿತ್ತು?" ಎಂಟು ಕೋಟಿ ಮೇಲೆ ಸ್ವಾಮಿ, ಸದಾಶಿವನಗರದಲ್ಲೂ ಇಲ್ಲ ಆ ರೇಟು.

ಇನ್ನು ಮನೆಗೆ ಚಿತ್ರ ಆರಿಸೋ ಶಾಸ್ತ್ರ ಇದೆಯಲ್ಲ, ಅದಕ್ಕೆ ಕೈ ಮುಗೀಬೇಕು. ಮೊದಲು ಸೋಫಾ, ಆಮೇಲೆ ಪರದೆ, ಅದಾದ್ಮೇಲೆ ಇವೆರಡಕ್ಕೂ ಮ್ಯಾಚ್ ಆಗೋ ಮನುಷ್ಯ. ಸೀರೆ ಮರೂನ್ ಇದ್ರೆ ಬೇಡ, ಮುಖ ಬೇಜಾರಲ್ಲಿದ್ರೆ ನೆಗೆಟಿವ್ ಎನರ್ಜಿ, ಬೆನ್ನು ತಿರುಗಿಸಿ ಕೂತಿದ್ರೆ ಲಕ್ಷ್ಮಿ ಹೊರಟೋಗ್ತಾಳೆ, ಕುದುರೆ ಓಕೆ ಆದ್ರೆ ಏಳೇ ಇರ್ಬೇಕು. ಹುಸೇನ್ ಕುದುರೆ ತೋರಿಸಿ ನೋಡಿ, ಮೊದಲು ಎಣಿಸ್ತಾರೆ.

ಅಸಲಿಗೆ ಮನುಷ್ಯರ ಚಿತ್ರ ಅಂದ್ರೇನೇ ನಮಗೆ ಸ್ವಲ್ಪ ಕಸಿವಿಸಿ. ನಮ್ಮಲ್ಲಿ ಗೋಡೆ ಹತ್ತೋಕೆ ಮನುಷ್ಯನಿಗೆ ಎರಡೇ ದಾರಿ, ದೇವರಾಗ್ಬೇಕು ಇಲ್ಲಾ ಹೋಗ್ಬಿಡ್ಬೇಕು. ಯಾವುದೋ ಮುದುಕಿ ಚಿತ್ರ ಚೆನ್ನಾಗಿದೆ ಅಂತ ಹಾಲ್ ಗೋಡೆಗೆ ಹಾಕಿದ್ರೋ, ಬಂದ ಚಿಕ್ಕಮ್ಮ ಚಪ್ಪಲಿ ಬಿಡ್ತಾನೇ ದನಿ ತಗ್ಗಿಸಿ "ಪಾಪ, ಯಾವಾಗ ಹೋಗಿದ್ದು?" ಅಂತಾರೆ. ಹಾರ ಯಾಕೆ ಹಾಕಿಲ್ಲ ಅನ್ನೋದು ಮುಂದಿನ ಪ್ರಶ್ನೆ.

ನಮಗೆಲ್ಲಾ ಗೊತ್ತಿರೋ ಚಿತ್ರಗಾರ ಒಬ್ಬರೇ, ರವಿವರ್ಮ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರೋ ದೀಪ ಹಿಡಿದ ಹುಡುಗಿ ಕೂಡ ರವಿವರ್ಮಂದೇ ಅಂತ ಅರ್ಧ ಕರ್ನಾಟಕ ಆಣೆ ಮಾಡುತ್ತೆ. ಬಿಡಿಸಿದ್ದು ಎಸ್.ಎಲ್. ಹಲ್ದಣಕರ್ ಕಣ್ರೀ, ದೀಪ ಹಿಡಿದು ನಿಂತಿದ್ದು ಅವರ ಮಗಳು ಗೀತಾ. ರವಿವರ್ಮ ತೀರ್ಕೊಂಡಿದ್ದು 1906ರಲ್ಲಿ, ಆ ಹುಡುಗಿ ಹುಟ್ಟಿದ್ದೇ ಆಮೇಲೆ, 2018ರವರೆಗೂ ಬದುಕಿದ್ರು ಆಕೆ. ಹೇಳಿದ್ರೆ ನಂಬಲ್ಲ, "ಇಲ್ಲ ಇಲ್ಲ, ಗೈಡ್ ಹೇಳಿದ್ದು" ಅಂತಾರೆ. ಸರಿ, ಗೈಡಿಗಿಂತ ದೊಡ್ಡವರಾ ನಾವು.

ನನಗೆ ರೇಗೋದು ಇದಕ್ಕಲ್ಲ. 118 ಕೋಟಿ ಅಂದಾಗ "ಭಾರತದ ಹೆಮ್ಮೆ" ಅಂತ ಸ್ಟೇಟಸ್ ಹಾಕಿದ್ರಲ್ಲ, ಅದಕ್ಕೆ ಎರಡೇ ತಿಂಗಳ ಹಿಂದೆ, ಜನವರೀಲಿ, ದೆಹಲಿಯ ಕೋರ್ಟು ಇದೇ ಹುಸೇನರ ಎರಡು ಚಿತ್ರ ಜಪ್ತಿ ಮಾಡಿ ಅಂದಿತ್ತು, ಭಾವನೆಗೆ ಧಕ್ಕೆ ಆಗಿತ್ತಂತೆ. ಕೇಸ್ ಮೇಲೆ ಕೇಸ್ ಹಾಕಿ, ಪ್ರದರ್ಶನ ಒಡೆದುಹಾಕಿ, ತೊಂಬತ್ತು ದಾಟಿದ ಮುದುಕನ್ನ ದೇಶ ಬಿಟ್ಟು ಹೋಗೋ ಹಾಗೆ ಮಾಡಿದ್ವಿ, 2010ರಲ್ಲಿ ಕತಾರ್ ಪೌರತ್ವ ತಗೊಂಡ್ರು, 2011ರಲ್ಲಿ ಲಂಡನ್ನಲ್ಲಿ ಸತ್ತರು. ಆವಾಗ ಎಲ್ಲಿತ್ತು ಹೆಮ್ಮೆ? ಸಾಕಾಗಿದೆ ನಿಜವಾಗ್ಲೂ, ತಮಾಷೆ ಮಾಡೋಕೂ ಮನಸ್ಸು ಬರಲ್ಲ.

ಹೋಗ್ಲಿ, ಬದುಕಿರೋರ ಗತಿ ಏನು? ಜನವರಿಯ ಚಿತ್ರಸಂತೇಲಿ ಕುಮಾರಕೃಪಾ ರಸ್ತೆ ತುಂಬಾ ಜನ, ಲಕ್ಷಗಟ್ಟಲೆ ಇಎಂಐ ಫ್ಲಾಟಿನವರು ಮೊಬೈಲಲ್ಲಿ ಗೋಡೆ ಫೋಟೋ ಹಿಡ್ಕೊಂಡು ಬಿಸಿಲಲ್ಲಿ ಒಣಗ್ತಿರೋ ಹುಡುಗನ ಹತ್ರ ಚೌಕಾಸಿ ಮಾಡ್ತಿರ್ತಾರೆ. ನಾಲ್ಕು ಸಾವಿರ ಅಂದ್ರೆ ಸಾವಿರದೈನೂರು ಅಂತಾರೆ, ನಮ್ಮ ಮಗಳೂ ಇದೇ ಥರ ಬಿಡಿಸ್ತಾಳೆ ಅಂತಾರೆ, ಚಿತ್ರದ ಪಕ್ಕ ನಿಂತು ಸೆಲ್ಫಿ ತಗೋತಾರೆ. ಕೊನೆಗೆ ಹೊರಡೋ ಮುಂಚೆ ಒಬ್ಬರು ತಿರುಗಿ ನಿಂತು ಕೇಳೇಬಿಡ್ತಾರೆ, "ಚಿತ್ರ ಬೇಡಪ್ಪ, ಆ ಫ್ರೇಮ್ ಒಂದಕ್ಕೆ ಎಷ್ಟು?"