ಉಳಿದ ಅನ್ನಕ್ಕೆ ಅಕ್ಕಿ ರೊಟ್ಟಿಯನ್ನೂ ಸೇರಿಸಿ

ಉಳಿದ ಅಡುಗೆಯಿಂದ ಹೊಸ ಊಟ ಮಾಡುವ ಬಗ್ಗೆ ನೀವು ಬರೆದ ಲೇಖನ ತುಂಬಾ ಇಷ್ಟವಾಯಿತು. ಆದರೆ ಉಳಿದ ಅನ್ನಕ್ಕೆ ಚಿತ್ರಾನ್ನ, ಮೊಸರನ್ನ ಎರಡನ್ನೇ ಹೇಳಿ ಮುಗಿಸಿಬಿಟ್ಟಿದ್ದೀರಿ. ನಮ್ಮ ಮನೆಯಲ್ಲಿ ಒಂದು ಬಟ್ಟಲು ಅನ್ನ ಉಳಿದರೆ ಅಕ್ಕಿ ರೊಟ್ಟಿಯೇ. ಅನ್ನವನ್ನು ಕೈಯಲ್ಲಿ ನುಣ್ಣಗೆ ಕಿವುಚಿ, ಹಿಡಿಸುವಷ್ಟು ಅಕ್ಕಿ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಬಾಡುತ್ತಾ ಬಂದ ಸಬ್ಬಸಿಗೆ ಸೊಪ್ಪು ಹಾಕಿ ಕಲಸುತ್ತೇನೆ. ನೀರು ಚಿಮುಕಿಸಿದರೆ ಸಾಕು, ಅನ್ನದಲ್ಲೇ ತೇವ ಇರುತ್ತದೆ. ತಣ್ಣಗಿನ ಕಾವಲಿಗೆ ಎಣ್ಣೆ ಸವರಿ ತೆಳ್ಳಗೆ ತಟ್ಟಿ, ನಡುವೆ ಎರಡು ಮೂರು ತೂತು ಮಾಡಿ ಎಣ್ಣೆ ಬಿಟ್ಟು, ಮುಚ್ಚಿ ಬೇಯಿಸಿದರೆ ಅಂಚು ಗರಿಗರಿ, ನಡುವೆ ಮೆತ್ತಗೆ. ಬರೀ ಹಿಟ್ಟಿನ ರೊಟ್ಟಿ ಆರಿದರೆ ಬಿರುಸಾಗುತ್ತದೆ, ಇದು ಮಧ್ಯಾಹ್ನದ ಡಬ್ಬಿಯಲ್ಲೂ ಮೃದುವಾಗಿರುತ್ತದೆ. ನೆಂಚಿಕೊಳ್ಳಲು ಹೀರೆಕಾಯಿ ಸಿಪ್ಪೆ ಚಟ್ನಿ ಇದ್ದರಂತೂ ಬೇರೇನೂ ಬೇಡ.

ಇನ್ನೊಂದು ವಿಷಯ ಹೇಳಲೇಬೇಕು. ರಾತ್ರಿಯೆಲ್ಲಾ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿದರೆ ಸಾಕು ಎಂದಿದ್ದೀರಿ. ಸಾಲದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದರೂ ಉಳಿದುಕೊಳ್ಳುತ್ತವೆ. ಅನ್ನ ಹೊರಗೆ ಇದ್ದಷ್ಟು ಹೊತ್ತೂ ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೆಲ್ಲ ಹೋಗುವುದಿಲ್ಲ. ಊಟವಾದ ಕೂಡಲೇ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು. ಮಕ್ಕಳ ಡಬ್ಬಿಗೆ ಹೋಗುವ ಅನ್ನವಿದು, ದಯವಿಟ್ಟು ಲೇಖನದ ಆ ಸಾಲನ್ನು ತಿದ್ದಿ.