ಸತ್ಯಾಂಶ: ಕಾರಿನ ಪ್ಲಾಸ್ಟಿಕ್ ಬೆಳ್ಳಗಾಗುವುದು ಟರ್ಬೊ ಬಿಸಿಗಲ್ಲ

"ಟರ್ಬೊ ಎಂಜಿನ್ ಬಿಸಿಗೆ ಕಾರಿನ ಹೊರಗಿನ ಕಪ್ಪು ಪ್ಲಾಸ್ಟಿಕ್ ಸುಟ್ಟು ಬೆಳ್ಳಗಾಗುತ್ತದೆ, ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿ ನೀರು ಹಾಕಿ" ಎಂಬ ಸಂದೇಶ ರಾಯಚೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಟರ್ಬೊ ಅಂದರೆ ಎಂಜಿನ್ ಉಗುಳುವ ಹೊಗೆಯ ಬಲದಿಂದ ತಿರುಗಿ, ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ. ಪೆಟ್ರೋಲ್ ಕಾರಿನ ಟರ್ಬೊ ಒಳಗೆ ಹೋಗುವ ಹೊಗೆ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು, ನಿಜ. ಆದರೆ ಆ ಬಿಸಿ ತಡೆಯಲೆಂದೇ ಲೋಹದ ತಗಡಿನ ಮರೆ ಇರುತ್ತದೆ. ಒಮ್ಮೆ ಹಿಂದಿನ ಬಂಪರ್ ನೋಡಿ, ಬಾಗಿಲ ಕೆಳಗಿನ ಪಟ್ಟಿ ನೋಡಿ: ಎಂಜಿನ್‌ನಿಂದ ಅಷ್ಟು ದೂರವಿದ್ದರೂ ಅಲ್ಲೂ ಅದೇ ಬಿಳುಪು. ದಿನಾ ಬಿಸಿಲಿಗೆ ನಿಲ್ಲುವ ಮಗ್ಗುಲಲ್ಲಿ ಇನ್ನೂ ಹೆಚ್ಚು. ನಮ್ಮೂರ ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಹಾಳು ಮಾಡುತ್ತದೆ. ನೆರಳಲ್ಲಿ ನಿಲ್ಲಿಸಿ.

ಕಾದ ಎಂಜಿನ್‌ಗೆ ದಯವಿಟ್ಟು ತಣ್ಣೀರು ಸುರಿಯಬೇಡಿ, ಲೋಹ ಬಿರಿಯಬಹುದು. ಎಂಜಿನ್ ಹತ್ತಿರ ಒಂದೇ ಕಡೆ ಪ್ಲಾಸ್ಟಿಕ್ ಕರಗಿ ಸೊಟ್ಟಗಾಗಿದ್ದರೆ ಮಾತ್ರ, ಆ ತಗಡು ಸಡಿಲಾಗಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ.